ಚೀವರವಿಲ್ಲದವರು ಬುದ್ಧನ ಧ್ಯಾನವನ್ನು ಕಲಿಸಬಹುದೇ?

ಓದುಗರ ಪ್ರಶ್ನೆ: ನಾನು ಜಮಖಂಡಿಯಲ್ಲಿ ಪ್ರೌಢಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಅಂದಿನಿಂದ ನಿದ್ದೆ ಸರಿಯಾಗಿ ಬರುವುದಿಲ್ಲ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಧ್ಯಾನ ಕಲಿಯಬೇಕೆಂದು ವಿಚಾರಿಸಿದಾಗ ಮೂರು ದಾರಿಗಳು ಗೊತ್ತಾದವು. ಹತ್ತು ದಿನಗಳ ವಿಪಶ್ಯನ (ಮೈಮನದಲ್ಲಿ ಆಗುವುದನ್ನು ಇದ್ದಂತೆಯೇ ಗಮನಿಸುವ ಬೌದ್ಧ ಧ್ಯಾನ) ಶಿಬಿರಕ್ಕೆ ಹೋಗಿ ಬಂದ ನನ್ನ ತಂಗಿ, ಅಲ್ಲಿ ಆಚಾರ್ಯರಾಗಿ ಕುಳಿತಿದ್ದವರು ನಿವೃತ್ತ ಬ್ಯಾಂಕ್ ಅಧಿಕಾರಿ ಎಂದಳು. ಬೆಳಗಾವಿಯಲ್ಲಿರುವ ಮಗ, ಅಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರು ನಡೆಸುವ ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಎಚ್ಚರದ ಧ್ಯಾನ) ತರಗತಿಗೆ ಸೇರು ಎನ್ನುತ್ತಾನೆ. ನೆರೆಮನೆಯವರು ಮುಂಡಗೋಡದ ಲಾಮಾಗಳನ್ನು ಕೇಳಿರಿ ಎನ್ನುತ್ತಾರೆ. ಬುದ್ಧನ ಧ್ಯಾನವನ್ನು ಬ್ಯಾಂಕಿನವರು, ಆಸ್ಪತ್ರೆಯವರು ಕಲಿಸುವುದು ಸರಿಯೇ? ಇಷ್ಟೊಂದು ಬಗೆಯ ಜನ ಗುರುಗಳಾದದ್ದು ಹೇಗೆ? ಇವರಲ್ಲಿ ಯಾರನ್ನು ನಂಬಬೇಕು?

ಉತ್ತರ:

ಅಕ್ಕಾವರೆ, ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬುದ್ಧನ ಎದುರಿಗೇ ಒಮ್ಮೆ ಬಂದ ಪ್ರಶ್ನೆ. ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಆ ಪ್ರಸಂಗವಿದೆ. ಕೋಸಲದ ಅರಸ ಪಸೇನದಿ ಶ್ರಾವಸ್ತಿಯ ಪೂರ್ವಾರಾಮದಲ್ಲಿ ಬುದ್ಧನ ಬಳಿ ಕುಳಿತಿದ್ದಾಗ ಜಟಾಧಾರಿಗಳು, ನಿಗಂಠರು (ಜೈನ ಮುನಿಗಳು), ಬತ್ತಲೆ ಸನ್ಯಾಸಿಗಳು, ಪರಿವ್ರಾಜಕರು ಏಳೇಳು ಜನರ ಗುಂಪಾಗಿ ಅಲ್ಲಿಂದ ಹಾದುಹೋದರು. ಅರಸನು ಎದ್ದು, ಮೊಣಕಾಲೂರಿ, ಕೈಮುಗಿದು, ತನ್ನ ಹೆಸರನ್ನು ಮೂರು ಸಲ ಹೇಳಿ ಅವರಿಗೆ ವಂದಿಸಿದನು. ಅವರು ಮರೆಯಾದ ಮೇಲೆ, ಲೋಕದ ಅರಹಂತರಲ್ಲಿ (ಪೂರ್ಣ ಮುಕ್ತರಾದವರಲ್ಲಿ) ಇವರೂ ಸೇರಿದವರೆಂದು ಬುದ್ಧನಿಗೆ ಹೇಳಿದನು. ಬುದ್ಧನು ಅದನ್ನು ಒಪ್ಪಲಿಲ್ಲ. ಒಬ್ಬನ ಶೀಲವು ಅವನ ಜೊತೆಯಲ್ಲಿ ಬಾಳುವುದರಿಂದ ತಿಳಿಯುತ್ತದೆ, ಪ್ರಾಮಾಣಿಕತೆಯು ವ್ಯವಹಾರದಿಂದ, ಧೈರ್ಯವು ಕಷ್ಟ ಬಂದಾಗ, ಪ್ರಜ್ಞೆಯು ಚರ್ಚೆಯಿಂದ ತಿಳಿಯುತ್ತದೆ; ಅದೂ ಬಹುಕಾಲದ ನಂತರ, ಗಮನವಿಟ್ಟು ನೋಡುವವರಿಗೆ ಮಾತ್ರ ಎಂದನು. ಆಗ ಪಸೇನದಿ ನಿಜ ಸಂಗತಿಯನ್ನು ಬಿಚ್ಚಿಟ್ಟನು: ಹಾದುಹೋದವರೆಲ್ಲ ನಾಡನ್ನು ಸುತ್ತಿ ಸುದ್ದಿ ತರುವ ಅವನದೇ ಗೂಢಚಾರರಾಗಿದ್ದರು, ಮನೆಗೆ ಹೋದೊಡನೆ ಮೈ ತೊಳೆದು, ಬಿಳಿ ಬಟ್ಟೆ ಉಟ್ಟು ಸುಖವಾಗಿರುವವರು.

ಚೀವರ, ಎಂದರೆ ಭಿಕ್ಷುವಿನ ಬಟ್ಟೆ, ಉಟ್ಟವರೆಲ್ಲ ವೇಷಧಾರಿಗಳೆಂದು ಇದರ ಅರ್ಥವಲ್ಲ. ಚೀವರವಾಗಲಿ, ಪದವಿಯಾಗಲಿ, ಹುದ್ದೆಯಾಗಲಿ ಗುರುವಿನ ಯೋಗ್ಯತೆಗೆ ಸಾಕ್ಷಿಯಾಗುವುದಿಲ್ಲ ಎಂಬುದಷ್ಟೇ ಅದರ ಮಾತು. ಹಾಗಾದರೆ ಹಿನ್ನೆಲೆಯನ್ನು ಕೇಳುವುದೇ ಬೇಡವೇ? ಕೇಳಬೇಕು. ಒಬ್ಬರ ಹಿನ್ನೆಲೆಯು ಅವರು ಕಲಿಸುವ ಧ್ಯಾನ ಯಾವ ದಾರಿಯಿಂದ ಬಂತು, ದಾರಿಯಲ್ಲಿ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂಬುದನ್ನು ತಿಳಿಸುತ್ತದೆ. ವಿಜಯಪುರದ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಕಲಿಸುತ್ತ, ಮೂವತ್ತು ವರ್ಷಗಳಿಂದ ಬೇರೆ ಬೇರೆ ಆಚಾರ್ಯರ ಎದುರು ಕುಳಿತು ಕಲಿತ ನಾನು ಹಿನ್ನೆಲೆಯನ್ನು ನೋಡುವುದು ಈ ಉದ್ದೇಶಕ್ಕೆ.

ಬುದ್ಧನ ಕಾಲದಲ್ಲಿಯೂ ಕಲಿಸುವವರು ಒಂದೇ ಬಗೆಯವರಾಗಿರಲಿಲ್ಲ. ಶಾಕ್ಯರ ಕ್ಷೌರಿಕನಾಗಿದ್ದ ಉಪಾಲಿ ಸಂಘದ ವಿನಯಕ್ಕೆ (ಭಿಕ್ಷುಗಳ ನಿಯಮಗಳಿಗೆ) ಕೊನೆಯ ಮಾತು ಹೇಳುವವನಾದನು. ಅವನೊಡನೆ ಬಂದ ಶಾಕ್ಯ ರಾಜಕುಮಾರರು ತಮ್ಮ ಅಭಿಮಾನ ಮುರಿಯಲೆಂದು ಅವನಿಗೇ ಮೊದಲು ದೀಕ್ಷೆ ಕೊಡಿಸಿದರು. ಊರಿನ ಕಸ ಗುಡಿಸುತ್ತಿದ್ದ ಸುನೀತ ಥೇರನಾದನು, ಎಂದರೆ ಹಿರಿಯ ಭಿಕ್ಷುವಾದನು. ಗಂಡ, ಮಕ್ಕಳು, ತಂದೆತಾಯಿಗಳನ್ನು ಕಳೆದುಕೊಂಡು ಹುಚ್ಚಿಯಂತೆ ಅಲೆದ ಪಟಾಚಾರಾ ಅನೇಕ ಹೆಂಗಸರಿಗೆ ಗುರುವಾದಳು. ಇವರೆಲ್ಲ ಚೀವರ ಉಟ್ಟವರು ಎಂದು ನೀವು ಹೇಳಬಹುದು. ಆದರೆ ಚಿತ್ತ ಎಂಬ ಗೃಹಸ್ಥ ವ್ಯಾಪಾರಿ ಭಿಕ್ಷುಗಳ ಸಂದೇಹಗಳನ್ನೇ ಬಿಡಿಸುತ್ತಿದ್ದನು, ಧರ್ಮವನ್ನು ಹೇಳುವ ಉಪಾಸಕರಲ್ಲಿ ಅವನೇ ಮೊದಲಿಗನೆಂದು ಬುದ್ಧನು ಹೇಳಿದನು. ಖುಜ್ಜುತ್ತರಾ ಎಂಬ ದಾಸಿ ಬುದ್ಧನ ಮಾತುಗಳನ್ನು ಕೇಳಿ ಬಂದು ರಾಣಿ ಸಾಮಾವತಿಗೂ ಅಂತಃಪುರದ ಹೆಂಗಸರಿಗೂ ಕಲಿಸಿದಳು. ಇತಿವುತ್ತಕವೆಂಬ ಗ್ರಂಥವು ಅವಳ ನೆನಪಿನಿಂದಲೇ ಉಳಿದು ಬಂದುದೆಂದು ಪರಂಪರೆ ಹೇಳುತ್ತದೆ. ನಮ್ಮ ಸೀಮೆಯವರಿಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಮಡಿವಾಳ ಮಾಚಿದೇವರ ದೇವರ ಹಿಪ್ಪರಗಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಇವರನ್ನೆಲ್ಲ ಇಂದಿಗೂ ಕಾಯಕದ ಹೆಸರಿನೊಂದಿಗೇ ಕರೆಯುತ್ತೇವೆ; ಕಾಯಕವು ಅವರ ಅನುಭಾವಕ್ಕೆ ಕುಂದು ತಂದಿತೆಂದು ಯಾರೂ ಎಣಿಸುವುದಿಲ್ಲ.

ಇನ್ನು ಇಷ್ಟೊಂದು ಬಗೆಯ ಜನ ಹೇಗೆ ಗುರುಗಳಾದರು ಎಂಬ ಪ್ರಶ್ನೆ. ನೀವು ಐಹೊಳೆಗೆ ಹೋಗಿರುತ್ತೀರಿ, ಮಕ್ಕಳನ್ನು ಪ್ರವಾಸಕ್ಕೂ ಕರೆದೊಯ್ದಿರಬಹುದು. ಮೇಗುತಿ ಗುಡ್ಡವನ್ನು ಹತ್ತುವಾಗ ಅರ್ಧ ದಾರಿಯಲ್ಲಿ, ಒಂದಷ್ಟು ಬಂಡೆಯಲ್ಲಿ ಕೊರೆದು ಒಂದಷ್ಟು ಕಟ್ಟಿದ, ಎರಡು ಅಂತಸ್ತಿನ ಬೌದ್ಧ ಮಂದಿರವಿದೆ. ಮೇಲಂತಸ್ತಿನ ಛಾವಣಿಯಲ್ಲಿ ಕುಳಿತ ಬುದ್ಧನ ಉಬ್ಬುಶಿಲ್ಪವಿದೆ. ಹೆಚ್ಚಿನವರು ಗುಡ್ಡದ ನೆತ್ತಿಯ ಜಿನಾಲಯವನ್ನೂ ರವಿಕೀರ್ತಿಯ 634ರ ಶಾಸನವನ್ನೂ ನೋಡುವ ಆತುರದಲ್ಲಿ ಅದನ್ನು ದಾಟಿ ಹೋಗುತ್ತಾರೆ. ಚಾಲುಕ್ಯರ ಕಾಲದಲ್ಲಿ ಇಲ್ಲಿ ಭಿಕ್ಷುಗಳಿದ್ದರು, ಅವರಿಂದ ಕಲಿಯುವವರೂ ಇದ್ದರು. ಆಮೇಲೆ ಆ ಪರಂಪರೆ ನಮ್ಮ ನೆಲದಲ್ಲಿ ಕಡಿದುಹೋಯಿತು. ಇಂದು ಬೆಳಗಾವಿಯಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಬುದ್ಧನ ಧ್ಯಾನವನ್ನು ಕಲಿಸುವವರು ಯಾರೇ ಇರಲಿ, ಅವರ ವಿದ್ಯೆ ಹೊರಗೆ ಹೋಗಿ ಮರಳಿ ಬಂದದ್ದು: ಬರ್ಮಾದಿಂದ, ಟಿಬೆಟ್‌ನಿಂದ, ಶ್ರೀಲಂಕಾದಿಂದ, ಅಮೆರಿಕದ ಆಸ್ಪತ್ರೆಯೊಂದರಿಂದ. ಪ್ರತಿಯೊಂದು ನಾಡೂ ತನ್ನ ಜನರನ್ನೇ ಗುರುಗಳನ್ನಾಗಿ ಮಾಡಿ ಕಳಿಸಿತು. ನೀವು ಕಂಡ ವೈವಿಧ್ಯದ ಕಾರಣ ಇದು.

ಬ್ಯಾಂಕ್ ಅಧಿಕಾರಿಯ ಹಿಂದಿರುವುದು ಬರ್ಮಾದ ದಾರಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1885ರಲ್ಲಿ ಬ್ರಿಟಿಷರು ಮಂಡಾಲೆಯನ್ನು ಹಿಡಿದು ಅರಸ ಥೀಬಾನನ್ನು ಗಡೀಪಾರು ಮಾಡಿದರು. ಆ ಅರಸನನ್ನು ಇಟ್ಟದ್ದು ಬೆಳಗಾವಿಯಿಂದ ಘಟ್ಟ ಇಳಿದು ಹೋದರೆ ಸಿಗುವ ಕೊಂಕಣದ ರತ್ನಾಗಿರಿಯಲ್ಲಿ. 1916ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು. ಅರಸೊತ್ತಿಗೆ ಹೋದೊಡನೆ ವಿಹಾರಗಳಿಗೆ ಇದ್ದ ರಾಜಾಶ್ರಯವೂ ಹೋಯಿತು, ಧರ್ಮವನ್ನು ಕಾಯುವವರು ಯಾರೆಂಬ ಆತಂಕ ಅಲ್ಲಿನ ಭಿಕ್ಷುಗಳಲ್ಲಿ ಹುಟ್ಟಿತು. ಆ ಆತಂಕಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಲೇಡಿ ಸಯಾಡೊ (1846–1923). ಅವರು ದೊಡ್ಡ ವಿದ್ವಾಂಸರಾದ ಭಿಕ್ಷು; ಸಯಾಡೊ ಎಂಬುದು ಬರ್ಮಾದಲ್ಲಿ ಹಿರಿಯ ಭಿಕ್ಷುಗಳನ್ನು ಕರೆಯುವ ಗೌರವದ ಹೆಸರು. ಅರಸನಿಲ್ಲದಿದ್ದರೆ ಮನೆಮಂದಿಯೇ ಧರ್ಮವನ್ನು ಹೊರಬೇಕೆಂದು ತಿಳಿದು ಊರೂರು ತಿರುಗಿದರು, ಅಭಿಧಮ್ಮವನ್ನು (ಮನಸ್ಸನ್ನು ಬಿಡಿಸಿ ನೋಡುವ ಬೌದ್ಧ ಶಾಸ್ತ್ರವನ್ನು) ಆಡುಮಾತಿನಲ್ಲಿ ಬರೆದರು, ಅಲ್ಲಿಯವರೆಗೆ ಹೆಚ್ಚಾಗಿ ಕಾಡಿನ ಭಿಕ್ಷುಗಳಿಗೆ ಮೀಸಲಾಗಿದ್ದ ವಿಪಶ್ಯನವನ್ನು ಒಕ್ಕಲಿಗರಿಗೂ ಅಂಗಡಿಯವರಿಗೂ ಕಲಿಸಿದರು.

ಅವರು ಕಲಿಸಲು ಒಪ್ಪಿಗೆ ಕೊಟ್ಟ ಗೃಹಸ್ಥರಲ್ಲಿ ಒಬ್ಬರು ಸಯಾ ಥೆಟ್‌ಜಿ (1873–1945). ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಎತ್ತಿನ ಬಂಡಿ ಹೊಡೆದು, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದು ಬದುಕಿದವರು. ಕಾಲರಾದಲ್ಲಿ ಮಕ್ಕಳು ತೀರಿಕೊಂಡ ಮೇಲೆ ಸಾವಿಲ್ಲದುದನ್ನು ಹುಡುಕಿ ಮನೆಬಿಟ್ಟು ಹೋದರು, ವರ್ಷಗಳ ನಂತರ ಲೇಡಿ ಸಯಾಡೊ ಅವರ ಬಳಿಗೆ ಬಂದರು. ಊರಿಗೆ ಮರಳಿ ಹೊಲದ ಬದಿಯಲ್ಲಿಯೇ ಕಲಿಸತೊಡಗಿದರು. 1937ರಲ್ಲಿ ಅವರ ಬಳಿ ಕಲಿತ ಊ ಬಾ ಖಿನ್ (1899–1971) ಲೆಕ್ಕಪತ್ರ ಇಲಾಖೆಯ ನೌಕರರು, ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದವರು. ಅವರು ಕಚೇರಿಯಲ್ಲಿಯೇ ಧ್ಯಾನಕ್ಕೆ ಸ್ಥಳ ಮಾಡಿ ಗುಮಾಸ್ತರಿಗೆ ಕಲಿಸಿದರು, 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರ ತೆರೆದರು. 1955ರಲ್ಲಿ ಅವರ ಬಳಿಗೆ ಬಂದವರು ಸತ್ಯನಾರಾಯಣ ಗೋಯೆಂಕಾ: ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ, ಹುಟ್ಟಿನಿಂದ ಸನಾತನಿ ಹಿಂದೂ. ಯಾವ ದೇಶದ ವೈದ್ಯರಿಂದಲೂ ವಾಸಿಯಾಗದ ಅರೆತಲೆನೋವು, ಅದಕ್ಕೆ ಮಾರ್ಫಿನ್ ಚುಚ್ಚುಮದ್ದು. ತಲೆನೋವು ಕಳೆದುಕೊಳ್ಳಲೆಂದೇ ಬರುವುದಾದರೆ ಬರಬೇಡ, ಮನಸ್ಸಿನ ಮಲಿನತೆ ಕಳೆದುಕೊಳ್ಳಲು ಬರುವುದಾದರೆ ಬಾ ಎಂದು ಊ ಬಾ ಖಿನ್ ಹೇಳಿದುದನ್ನು ಗೋಯೆಂಕಾ ತಮ್ಮ ಪ್ರವಚನಗಳಲ್ಲಿ ನೆನೆಯುತ್ತಿದ್ದರು. ಹದಿನಾಲ್ಕು ವರ್ಷ ಅವರ ಬಳಿ ಕಲಿತ ಮೇಲೆ 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಮಹಾರಾಷ್ಟ್ರದ ಇಗತಪುರಿಯಲ್ಲಿ ಅವರ ಧ್ಯಾನಕೇಂದ್ರ ಧಮ್ಮಗಿರಿ 1976ರಲ್ಲಿ ಆರಂಭವಾಯಿತು.

ಭಿಕ್ಷುವಿನಿಂದ ಒಕ್ಕಲಿಗನಿಗೆ, ಒಕ್ಕಲಿಗನಿಂದ ಲೆಕ್ಕಪತ್ರದ ಅಧಿಕಾರಿಗೆ, ಅಧಿಕಾರಿಯಿಂದ ವ್ಯಾಪಾರಿಗೆ ಬಂದ ಈ ಸರಪಳಿಯ ಮುಂದಿನ ಕೊಂಡಿಯಾಗಿ ನಿಮ್ಮ ತಂಗಿ ಕಂಡ ಬ್ಯಾಂಕ್ ಅಧಿಕಾರಿಯನ್ನು ನೋಡಿರಿ. 1975ರಲ್ಲಿ ಜೈಪುರದ ಕೇಂದ್ರ ಕಾರಾಗೃಹದಲ್ಲಿ ಕೈದಿಗಳಿಗೆ ಶಿಬಿರ ಏರ್ಪಡಿಸಿದ ರಾಮ್ ಸಿಂಗ್ ಅವರು ರಾಜಸ್ಥಾನದ ಗೃಹ ಕಾರ್ಯದರ್ಶಿ, ಆಮೇಲೆ ಅವರೇ ಆಚಾರ್ಯರಾದರು. ಈ ಪರಂಪರೆಯಲ್ಲಿ ಸಹಾಯಕ ಆಚಾರ್ಯರಿಗೆ ಸಂಬಳವಿಲ್ಲ, ದಕ್ಷಿಣೆಯಿಲ್ಲ. ಜೀವನಕ್ಕೆ ಅವರದೇ ದಾರಿ ಇರಬೇಕು. ಆದ್ದರಿಂದ ನಿವೃತ್ತ ನೌಕರರು, ವೈದ್ಯರು, ಒಕ್ಕಲುತನದವರು, ಮನೆಯ ಹೊಣೆ ಇಳಿದ ಗೃಹಿಣಿಯರು ಈ ಸ್ಥಾನದಲ್ಲಿ ಹೆಚ್ಚಾಗಿ ಕಾಣುವುದು ಸಹಜ. ಇನ್ನೊಂದು ಮಾತನ್ನು ತಂಗಿ ನಿಮಗೆ ಹೇಳಿರಲಿಕ್ಕಿಲ್ಲ. ಅಲ್ಲಿ ಸೂಚನೆ ಮತ್ತು ಪ್ರವಚನಗಳು ಗೋಯೆಂಕಾ ಅವರ ಧ್ವನಿಮುದ್ರಣದಿಂದಲೇ ಬರುತ್ತವೆ. 2013ರಲ್ಲಿ ಅವರು ತೀರಿಕೊಂಡ ಮೇಲೂ ಅದು ಬದಲಾಗಿಲ್ಲ. ಎದುರಿಗೆ ಕುಳಿತ ಆಚಾರ್ಯರು ಸಾಧಕರ ಸಂದೇಹ ಬಿಡಿಸುತ್ತಾರೆ, ತೊಂದರೆಯಾದವರನ್ನು ವಿಚಾರಿಸುತ್ತಾರೆ. ತಮ್ಮದೇ ಪದ್ಧತಿಯನ್ನು ಸೇರಿಸುವ ಸ್ವಾತಂತ್ರ್ಯ ಅವರಿಗಿಲ್ಲ. ಇದರಿಂದ ಕಲಿಕೆ ಎಲ್ಲ ಊರಿನಲ್ಲಿಯೂ ಒಂದೇ ತೆರನಾಗಿ ಉಳಿದಿದೆ. ಒಬ್ಬೊಬ್ಬರ ದುಃಖಕ್ಕೆ ತಕ್ಕಂತೆ ಹೇಳಿಕೊಡುವ ಅವಕಾಶ ಕಡಿಮೆಯಾಗಿದೆ ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ.

ಬರ್ಮಾದ ಇನ್ನೊಂದು ಕವಲಿನಲ್ಲಿ ಒಬ್ಬ ತಾಯಿಯ ಕಥೆಯಿದೆ. ನಿಮ್ಮ ಪತ್ರವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅವರೇ. ನಾನಿ ಬಾಲಾ ಬರುವಾ 1911ರಲ್ಲಿ ಚಿತ್ತಗಾಂಗ್ ಸೀಮೆಯ ಬಂಗಾಳಿ ಬೌದ್ಧ ಮನೆತನದಲ್ಲಿ ಹುಟ್ಟಿದರು. ಹನ್ನೆರಡನೆಯ ವಯಸ್ಸಿಗೆ ಮದುವೆ. ಗಂಡ ಎಂಜಿನಿಯರ್, ರಂಗೂನಿನಲ್ಲಿ ಸಂಸಾರ. ಬಹಳ ವರ್ಷ ಮಕ್ಕಳಿಲ್ಲ. ಆಮೇಲೆ ಹುಟ್ಟಿದ ಮೂವರಲ್ಲಿ ಉಳಿದದ್ದು ದೀಪಾ ಎಂಬ ಒಬ್ಬ ಮಗಳು. 1957ರಲ್ಲಿ ಗಂಡ ಇದ್ದಕ್ಕಿದ್ದಂತೆ ತೀರಿಕೊಂಡರು. ಆ ತಾಯಿ ಹಾಸಿಗೆ ಹಿಡಿದರು, ನಿದ್ದೆ ದೂರವಾಯಿತು. ಧ್ಯಾನ ಕಲಿಯದಿದ್ದರೆ ಈ ದುಃಖವೇ ನಿಮ್ಮನ್ನು ತಿನ್ನುತ್ತದೆ ಎಂದು ವೈದ್ಯರೇ ಹೇಳುವಷ್ಟು ಕೆಟ್ಟ ಸ್ಥಿತಿ. ಅವರು ಹೋದದ್ದು ಮಹಾಸಿ ಸಯಾಡೊ (1904–1982) ಅವರ ಧ್ಯಾನಕೇಂದ್ರಕ್ಕೆ. ಉಸಿರಾಡುವಾಗ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ಗಮನಿಸುತ್ತ, ಮನಸ್ಸಿಗೆ ಬಂದುದನ್ನೆಲ್ಲ ಒಂದೊಂದು ಪದದಿಂದ ಗುರುತಿಸುವುದು ಅಲ್ಲಿನ ಪದ್ಧತಿ. ಅದೇ ಬರುವಾ ಸಮುದಾಯದ ಅನಾಗಾರಿಕ (ಮನೆಬಿಟ್ಟು ಬ್ರಹ್ಮಚಾರಿಯಾದ ಸಾಧಕ) ಮುನೀಂದ್ರರು (1915–2003) ಅಲ್ಲಿ ಅವರಿಗೆ ದಾರಿ ತೋರಿಸಿದರು. ಮುಂದೆ ಮಗಳೊಂದಿಗೆ ಕಲ್ಕತ್ತೆಗೆ ಬಂದು ಇಕ್ಕಟ್ಟಾದ ಬಾಡಿಗೆಯ ಕೋಣೆಯಲ್ಲಿ ಇದ್ದುಕೊಂಡು, ಆಚೀಚೆ ಮನೆಯ ಹೆಂಗಸರಿಗೆ ಕಲಿಸತೊಡಗಿದರು. ಧ್ಯಾನಕ್ಕೆ ಬಿಡುವಿಲ್ಲ ಎಂದವರಿಗೆ ಐದು ನಿಮಿಷವಾದರೂ ಕುಳಿತುಕೊಳ್ಳಿರಿ, ಉಳಿದ ಹೊತ್ತಿನಲ್ಲಿ ಮನೆಗೆಲಸವನ್ನೇ ಎಚ್ಚರದಿಂದ ಮಾಡಿರಿ ಎನ್ನುತ್ತಿದ್ದರು. ದೀಪಾಳ ತಾಯಿ, ದೀಪಾ ಮಾ ಎಂದೇ ಅವರನ್ನು ಲೋಕ ತಿಳಿದಿದೆ. ಪದವಿಯಿಲ್ಲ, ಚೀವರವಿಲ್ಲ, ಆಶ್ರಮವಿಲ್ಲ. 1989ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಮೆರಿಕದ ಒಂದು ತಲೆಮಾರಿನ ಧ್ಯಾನಶಿಕ್ಷಕರೇ ಅವರನ್ನು ಗುರುವೆಂದು ಕರೆಯುತ್ತಿದ್ದರು.

ಆ ಅಮೆರಿಕನ್ನರಲ್ಲಿ ಮುಖ್ಯರಾದವರು ಜೋಸೆಫ್ ಗೋಲ್ಡ್‌ಸ್ಟೀನ್ ಮತ್ತು ಶ್ಯಾರನ್ ಸಾಲ್ಜ್‌ಬರ್ಗ್. ಒಬ್ಬರು ತತ್ತ್ವಶಾಸ್ತ್ರ ಓದಿ ಪೀಸ್ ಕೋರ್ ಎಂಬ ಅಮೆರಿಕದ ಸ್ವಯಂಸೇವಾ ಸಂಸ್ಥೆಯ ಸೇವೆಗೆಂದು ಥಾಯ್ಲೆಂಡಿಗೆ ಬಂದವರು, ಇನ್ನೊಬ್ಬರು ಕಾಲೇಜಿನ ದಿನಗಳಲ್ಲಿಯೇ ಭಾರತಕ್ಕೆ ಬಂದು 1971ರಲ್ಲಿ ಬೋಧಗಯೆಯಲ್ಲಿ ಗೋಯೆಂಕಾ ಅವರ ಶಿಬಿರದಲ್ಲಿ ಕುಳಿತವರು. ಥಾಯ್ಲೆಂಡಿನ ಅರಣ್ಯವಾಸಿ ಭಿಕ್ಷು ಅಜಾನ್ ಚಾ ಅವರ ಬಳಿ ಚೀವರ ಉಟ್ಟು, ಊರಿಗೆ ಮರಳಿದ ಮೇಲೆ ಅದನ್ನು ಬಿಟ್ಟು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಜ್ಯಾಕ್ ಕಾರ್ನ್‌ಫೀಲ್ಡ್ ಇವರ ಜೊತೆಗೂಡಿದರು. ಮೂವರೂ ಸೇರಿ 1975ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಬ್ಯಾರಿ ಎಂಬ ಊರಿನಲ್ಲಿ ಒಂದು ಧ್ಯಾನ ಸಂಸ್ಥೆ ಕಟ್ಟಿದರು. ನಿಮ್ಮ ಮಗ ಹೇಳುವ ಎಂಟು ವಾರಗಳ ತರಗತಿಯ ಬೇರು ಅಲ್ಲಿಗೆ ಹೋಗುತ್ತದೆ. ಅಲ್ಲಿ ಬಂದು ಕುಳಿತವರಲ್ಲಿ ಜಾನ್ ಕಬಾಟ್-ಜಿನ್ ಒಬ್ಬರು. ಅವರು ಆಣ್ವಿಕ ಜೀವಶಾಸ್ತ್ರದಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಿಂದ ಡಾಕ್ಟರೇಟ್ ಪಡೆದವರು, ಕೊರಿಯಾದ ಝೆನ್ ಗುರುವಿನ ಬಳಿಯೂ ಕಲಿತವರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧದಿಂದ ಹೆಚ್ಚೇನೂ ಮಾಡಲಾಗದೆಂದು ವೈದ್ಯರು ಕೈಬಿಟ್ಟಿದ್ದ ದೀರ್ಘಕಾಲದ ನೋವಿನ ರೋಗಿಗಳಿಗೆ ಧ್ಯಾನವನ್ನು ಧರ್ಮದ ಮಾತಿಲ್ಲದೆ ಕಲಿಸತೊಡಗಿದರು. ವಾರಕ್ಕೊಮ್ಮೆ ಎರಡೂವರೆ ತಾಸಿನ ತರಗತಿ, ಮನೆಯಲ್ಲಿ ದಿನಕ್ಕೆ ಮುಕ್ಕಾಲು ತಾಸು ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ: ಈ ಚೌಕಟ್ಟು ಇಂದಿಗೂ ಹಾಗೆಯೇ ಇದೆ.

ಮೂವರು ಮನಶ್ಶಾಸ್ತ್ರಜ್ಞರು, ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್, ಇದನ್ನು ಖಿನ್ನತೆ ಮರುಕಳಿಸದಂತೆ ತಡೆಯಲು ಬೆಳೆಸಿದರು. ಅವರ ಕಥೆಯಲ್ಲಿ ನಿಮಗೆ ಉಪಯೋಗವಾಗುವ ಅಂಶವೊಂದಿದೆ. ಚಿಕಿತ್ಸಕರಾದ ತಾವು ಒಂದು ತಂತ್ರವನ್ನು ಕಲಿತು ರೋಗಿಗಳಿಗೆ ದಾಟಿಸಿದರೆ ಸಾಕೆಂದು ಅವರು ಮೊದಲು ತಿಳಿದಿದ್ದರು. ಕಬಾಟ್-ಜಿನ್ ಅವರ ಚಿಕಿತ್ಸಾಲಯವನ್ನು ನೋಡಿದ ಮೇಲೆ, ಕಲಿಸುವವರು ತಾವೇ ದಿನವೂ ಕುಳಿತುಕೊಳ್ಳದಿದ್ದರೆ ಇದು ಸಾಗುವುದಿಲ್ಲವೆಂದು ಕಂಡುಕೊಂಡು ತಾವೂ ಅಭ್ಯಾಸಕ್ಕೆ ತೊಡಗಿದರು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾದವರಿಗೆ ಈ ಕ್ರಮವನ್ನು ಬ್ರಿಟನ್ನಿನ ಸರಕಾರಿ ಆರೋಗ್ಯ ಮಾರ್ಗಸೂಚಿ 2004ರಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಆಸ್ಪತ್ರೆಯವರು ಕಲಿಸುವುದು ಕಳವು ಮಾಡಿದ ವಿದ್ಯೆಯೆಂದು ನಾನು ಎಣಿಸುವುದಿಲ್ಲ. ಅವರು ಒಂದು ಪಾಲನ್ನು ತೆಗೆದುಕೊಂಡರು, ಆ ಪಾಲನ್ನು ಪರೀಕ್ಷೆಗೆ ಒಡ್ಡಿದರು. ಬಿಟ್ಟದ್ದೂ ದೊಡ್ಡದೇ: ಶೀಲ, ದಾನ, ದುಃಖದಿಂದ ಪೂರ್ಣ ಬಿಡುಗಡೆ ಎಂಬ ಗುರಿ ಅಲ್ಲಿ ಇಲ್ಲ. ನಿದ್ದೆ ಬೇಕೆಂದು ಹೋದವರಿಗೆ ಆ ಕೊರತೆ ಕಾಣಲಿಕ್ಕಿಲ್ಲ, ಸಾವಿನ ಪ್ರಶ್ನೆಯನ್ನು ಹೊತ್ತು ಹೋದವರಿಗೆ ಒಂದಲ್ಲ ಒಂದು ದಿನ ಕಾಣುತ್ತದೆ.

ಮುಂಡಗೋಡದ ದಾರಿ ಬೇರೆಯದು. ಟಿಬೆಟ್‌ನಿಂದ ನಿರಾಶ್ರಿತರಾಗಿ ಬಂದವರಿಗೆ ಅಲ್ಲಿ 1966ರಲ್ಲಿ ನೆಲೆ ದೊರೆಯಿತು, ಲ್ಹಾಸಾದ ಡ್ರೆಪುಂಗ್ ಮತ್ತು ಗಂಡೆನ್ ಮಹಾವಿಹಾರಗಳನ್ನು ಅಲ್ಲಿಯೇ ಮರಳಿ ಕಟ್ಟಿದರು. ಅಲ್ಲಿನ ಗೆಶೆ ಎಂದರೆ ತರ್ಕ, ಪ್ರಜ್ಞಾಪಾರಮಿತಾ, ಮಾಧ್ಯಮಿಕ, ಅಭಿಧರ್ಮ, ವಿನಯ ಎಂಬ ಬೌದ್ಧ ಶಾಸ್ತ್ರಗಳನ್ನು ಹದಿನೈದು ಇಪ್ಪತ್ತು ವರ್ಷ ಓದಿ, ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದ ಮಾಡಿ ಗೆದ್ದವರು. ಎಷ್ಟೋ ಜನ ಬಾಲ್ಯದಲ್ಲಿಯೇ ವಿಹಾರಕ್ಕೆ ಸೇರಿದವರು, ಸಂಸಾರವನ್ನು ಕಾಣದವರು. ಹೆಂಗಸರಿಗೆ ಆ ಪದವಿ ಬಹುಕಾಲ ಇರಲಿಲ್ಲ. 2016ರ ಡಿಸೆಂಬರಿನಲ್ಲಿ 20 ಜನ ಭಿಕ್ಷುಣಿಯರು ಗೆಶೆಮಾ ಪದವಿಯನ್ನು ದಲೈ ಲಾಮಾ ಅವರಿಂದ ಪಡೆದದ್ದು ನಮ್ಮ ಮುಂಡಗೋಡದಲ್ಲಿಯೇ. ನನಗೆ ಅವರ ವಿದ್ವತ್ತಿನ ಮೇಲೆ ಅಪಾರ ಗೌರವವಿದೆ. ಆದರೆ ಅವರು ಮೊದಲು ವಿದ್ವಾಂಸರು. ಹೊಸಬರಿಗೆ ಉಸಿರನ್ನು ಗಮನಿಸುವುದನ್ನು ಹೇಳಿಕೊಡುವುದು ಎಲ್ಲರ ಕೆಲಸವಲ್ಲ. ಮಾತು ಟಿಬೆಟನ್ನಿನಲ್ಲಿಯೋ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ನಡೆಯುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ದಾರಿಯನ್ನು ಹೇಳಬೇಕು, ಏಕೆಂದರೆ ಬೆಳಗಾವಿ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಮನೆಮನೆಗೆ ಬುದ್ಧನನ್ನು ತಂದವರು ಆ ದಾರಿಯವರು. 1925ರಲ್ಲಿ ಡಾ. ಅಂಬೇಡ್ಕರ್ ಅವರು ನಿಪ್ಪಾಣಿಯಲ್ಲಿ ದಲಿತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧ ಧರ್ಮವನ್ನು ಸ್ವೀಕರಿಸಿದರು, ಎರಡು ತಿಂಗಳೊಳಗೆ ತೀರಿಕೊಂಡರು. ಹೊಸ ಬೌದ್ಧರಿಗೆ ಕಲಿಸಲು ಸಾಕಷ್ಟು ಜನ ಇರಲಿಲ್ಲ. ಆ ಕೆಲಸಕ್ಕೆ ಕೈಹಾಕಿದವರಲ್ಲಿ ಸಂಘರಕ್ಷಿತರು (1925–2018) ಒಬ್ಬರು. ಲಂಡನ್ನಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದು, ಇಲ್ಲಿಯೇ ಭಿಕ್ಷುವಾದವರು. ಅವರು ಕಟ್ಟಿದ ಸಂಘದಲ್ಲಿ ಧಮ್ಮಚಾರಿಗಳು (ದೀಕ್ಷೆ ಪಡೆದ ಸದಸ್ಯರು) ಚೀವರ ಉಡಬೇಕಾಗಿಲ್ಲ, ಸಂಸಾರ ಬಿಡಬೇಕಾಗಿಯೂ ಇಲ್ಲ. ಇಂದು ಪುಣೆ, ನಾಗಪುರಗಳಲ್ಲಿ ಉಸಿರಿನ ಧ್ಯಾನವನ್ನೂ ಮೈತ್ರಿಭಾವನೆಯನ್ನೂ ಕಲಿಸುವ ಅನೇಕರು ದಲಿತ ಕೇರಿಗಳಲ್ಲಿ ಹುಟ್ಟಿ, ಮನೆಯಲ್ಲಿ ಮೊದಲ ಬಾರಿಗೆ ಶಾಲೆ ಕಂಡವರು. ಇವರಲ್ಲಿ ಕೆಲವರು ಧ್ಯಾನವು ಅನ್ಯಾಯವನ್ನು ಸಹಿಸುವ ಉಪಾಯವಾಗಬಾರದೆಂದು ಗಟ್ಟಿಯಾಗಿ ಹೇಳುತ್ತಾರೆ. ಆ ಮಾತನ್ನು ಬೇರೆ ಪರಂಪರೆಯವರೂ ಕೇಳಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಈಗ ಯಾರನ್ನು ನಂಬಬೇಕೆಂಬ ವಿಷಯ. ಗುರುವಿನ ಬಳಿ ಕುಳಿತುಕೊಳ್ಳುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆಗಳು ಕೆಲವೇ. ಇವರು ಯಾರಿಂದ ಕಲಿತರು, ಎಷ್ಟು ವರ್ಷ ಕಲಿತರು, ಕಲಿಸಲು ಇವರಿಗೆ ಒಪ್ಪಿಗೆ ಕೊಟ್ಟವರು ಯಾರು? ಇವರು ತಪ್ಪಿದರೆ ಹೇಳುವವರು ಯಾರಾದರೂ ಇದ್ದಾರೆಯೇ? ಇವರ ಅನ್ನ ಎಲ್ಲಿಂದ ಬರುತ್ತದೆ? ಮನಶ್ಶಾಸ್ತ್ರಜ್ಞೆ ಶುಲ್ಕ ಕೇಳಿದರೆ ಅದು ಅವರ ವೃತ್ತಿ, ಅದರಲ್ಲಿ ತಪ್ಪಿಲ್ಲ. ಆದರೆ ವಾರಾಂತ್ಯದ ತರಬೇತಿಯ ಪ್ರಮಾಣಪತ್ರ ತೋರಿಸಿ ಶುಲ್ಕ ಕೇಳುವವರೂ ಈಗ ಹೆಚ್ಚಾಗಿದ್ದಾರೆ, ಅವರನ್ನು ನೀವೇ ದಿನಕ್ಕೆ ಎಷ್ಟು ಹೊತ್ತು ಕುಳಿತುಕೊಳ್ಳುತ್ತೀರಿ ಎಂದು ಕೇಳಲು ಸಂಕೋಚಪಡಬೇಡಿರಿ. ಮಜ್ಝಿಮ ನಿಕಾಯವೆಂಬ ಇನ್ನೊಂದು ಉಪದೇಶ ಸಂಗ್ರಹದ ವೀಮಂಸಕ ಸುತ್ತದಲ್ಲಿ ಬುದ್ಧನು ತನ್ನನ್ನೇ ಕಣ್ಣಿನಿಂದಲೂ ಕಿವಿಯಿಂದಲೂ ಪರೀಕ್ಷಿಸಿ ನೋಡಿರಿ ಎಂದು ಶಿಷ್ಯರಿಗೆ ಹೇಳಿದ್ದಾನೆ. ಅವನು ಒಪ್ಪಿದ ಪರೀಕ್ಷೆಯನ್ನು ಒಪ್ಪದವರು ಅವನ ಹೆಸರಿನಲ್ಲಿ ಕಲಿಸುವುದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಾನು ಕಹಿಯಾದ ಅನುಭವದಿಂದ ಕಲಿತೆ. ನನ್ನ ವಿದ್ಯಾರ್ಥಿಯೊಬ್ಬ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದನು. ಅವನು ಹೋದ ಕಡೆ ಗುರುಗಳು, ಸಾಧನೆ ಮಾಡುವವನಿಗೆ ಮಾತ್ರೆ ಏಕೆ ಎಂದರು, ಅವನು ಬಿಟ್ಟನು. ಮೂರು ವಾರಗಳಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಗುರುಗಳು ವಿಧಿಪೂರ್ವಕ ದೀಕ್ಷೆ ಪಡೆದ ಸನ್ಯಾಸಿಗಳು, ಅವರ ಉದ್ದೇಶ ಕೆಟ್ಟದ್ದೂ ಆಗಿರಲಿಲ್ಲ. ತಮ್ಮ ಅರಿವಿನ ಮೇರೆ ಎಲ್ಲಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರ ಬಳಿಗೆ ಅವನನ್ನು ಕಳಿಸಿದವನು ನಾನು ಎಂಬುದು ಇಂದಿಗೂ ನನ್ನನ್ನು ಬಾಧಿಸುತ್ತದೆ. ತೀವ್ರ ಧ್ಯಾನದಿಂದ ಕೆಲವರಲ್ಲಿ ಭಯ, ನಿದ್ರಾಹೀನತೆ, ತಾನು ತಾನಲ್ಲವೆಂಬ ಭಾವ ಉಂಟಾಗಬಹುದೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 60 ಸಾಧಕರನ್ನು ಮಾತನಾಡಿಸಿ 2017ರಲ್ಲಿ ಬರೆದಿದ್ದಾರೆ. ಆದ್ದರಿಂದ ಯಾವುದೇ ಗುರುವನ್ನು, ನನಗೆ ತೊಂದರೆಯಾದರೆ ನೀವು ಏನು ಮಾಡುತ್ತೀರಿ ಎಂದು ಕೇಳಿರಿ. ನಿಲ್ಲಿಸಲು ಹೇಳುತ್ತೇನೆ, ವೈದ್ಯರ ಬಳಿಗೆ ಕಳಿಸುತ್ತೇನೆ ಎಂದು ಹೇಳುವವರ ಬಳಿ ಕಲಿಯಿರಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಎಂಟು ತಿಂಗಳ ನಿದ್ರಾಹೀನತೆಯನ್ನು ಮೊದಲು ಒಬ್ಬ ವೈದ್ಯರಿಗೆ ತೋರಿಸಿರಿ. ಇದನ್ನು ಮುಂದಕ್ಕೆ ಹಾಕಬೇಡಿರಿ. ಹತ್ತು ದಿನಗಳ ಶಿಬಿರದಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ದಿನಕ್ಕೆ ಹತ್ತು ತಾಸು ಕುಳಿತುಕೊಳ್ಳಬೇಕು, ಒಂಬತ್ತು ದಿನ ಆಚಾರ್ಯರನ್ನೂ ವ್ಯವಸ್ಥೆ ನೋಡುವವರನ್ನೂ ಬಿಟ್ಟರೆ ಯಾರೊಡನೆಯೂ ಮಾತಿಲ್ಲ. ದುಃಖ ಇಷ್ಟು ಹಸಿಯಾಗಿರುವಾಗ, ನಿದ್ದೆಯೂ ಇಲ್ಲದಿರುವಾಗ ಅದನ್ನೇ ಮೊದಲ ಹೆಜ್ಜೆಯಾಗಿ ಇಡಿರೆಂದು ನಾನು ಹೇಳಲಾರೆ. ಮಗ ಹೇಳಿದ ತರಗತಿಯಿಂದ ಆರಂಭಿಸಿರಿ: ಪ್ರತಿ ವಾರ ಬೆಳಗಾವಿಗೆ ಹೋಗಿ ಬರುವುದು ನಿಮಗೆ ತ್ರಾಸವಾದರೂ, ಅಲ್ಲಿ ನಿಮ್ಮ ಸ್ಥಿತಿಯನ್ನು ನೋಡಿ ಅಭ್ಯಾಸವನ್ನು ಹೆಚ್ಚು ಕಡಿಮೆ ಮಾಡುವವರು ಇರುತ್ತಾರೆ, ರಾತ್ರಿ ನಿಮ್ಮವರ ನಡುವೆಯೇ ಇರುತ್ತೀರಿ. ಸೇರುವ ಮೊದಲು ಮೇಲಿನ ಪ್ರಶ್ನೆಗಳನ್ನು ಆ ಮನಶ್ಶಾಸ್ತ್ರಜ್ಞೆಗೂ ಕೇಳಿರಿ. ನಿದ್ದೆ ಸುಧಾರಿಸಿ, ಮೈಮನ ಗಟ್ಟಿಯಾದ ಮೇಲೆ ತಂಗಿಯ ಜೊತೆ ಶಿಬಿರಕ್ಕೆ ಹೋಗಿರಿ. ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಕೇಳುವ ಕಡೆ ಏನನ್ನೂ ಮುಚ್ಚಿಡದೆ ಬರೆಯಿರಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೆಸರು ಸಮೇತ ಬರೆಯಿರಿ, ಪ್ರವಚನ ಯಾವ ಭಾಷೆಯಲ್ಲಿರುತ್ತದೆ ಎಂದೂ ವಿಚಾರಿಸಿರಿ. ಮುಂಡಗೋಡಕ್ಕೆ ಬೇಕಾದರೆ ಈ ವಾರವೇ ಹೋಗಿ ಬನ್ನಿರಿ. ಅಲ್ಲಿ ಕಲಿಯುವ ಆತುರ ಬೇಡ. ಮಧ್ಯಾಹ್ನದ ಹೊತ್ತಿಗೆ ವಿಹಾರದ ಅಂಗಳದಲ್ಲಿ ಕುಳಿತು, ಹುಡುಗರು ವಾದ ಮಾಡುವುದನ್ನು ನೋಡಿರಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಿಮಗೆ ಅದು ಹಿಡಿಸುತ್ತದೆ.